ಉಪ್ಪುನೀರಿನಲ್ಲಿ ಸುತ್ತಿಕೊಳ್ಳುವ ಡಿಎನ್‌ಎ

ನಮ್ಮ ಒಂದೊಂದು ಜೀವಕೋಶದಲ್ಲಿರುವ ಡಿಎನ್‌ಎ ಎಳೆಗಳನ್ನೆಲ್ಲ ಬಿಡಿಸಿ ಒಂದಕ್ಕೊಂದು ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಆಳೆತ್ತರವನ್ನೂ ಮೀರಿದ ಈ ಎಳೆ ಅಡಗಿರುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಕೋಶಕೇಂದ್ರದೊಳಗೆ. (ಬಲಿತ ಕೆಂಪು ರಕ್ತಕಣಗಳಿಗೆ ಕೋಶಕೇಂದ್ರವೇ ಇಲ್ಲ, ಅವುಗಳ ಮಾತು ಬೇರೆ.) ಗೋಜಲಾಗದಂತೆ, ಆದರೆ ಬೇಕಾದ ಭಾಗ ಬೇಕಾದಾಗ ಸಿಗುವಂತೆ ಇದನ್ನು ಸುತ್ತಿಡುವ ಕೆಲಸ ಹಿಸ್ಟೋನ್ ಎಂಬ ಪ್ರೋಟೀನುಗಳದು. ಡಿಎನ್‌ಎಗೆ ಸಿಕ್ಕ ಪ್ರಚಾರ ಇವಕ್ಕೆ ಸಿಕ್ಕಿಲ್ಲ. ಆದರೂ ಮೂರ್ಛೆರೋಗದ ಒಂದು ಮಾತ್ರೆಯನ್ನು ಹೆಣ್ಣುಮಕ್ಕಳಿಗೆ ಬರೆಯುವಾಗ ವೈದ್ಯರು ಹಿಂದೆಮುಂದೆ ನೋಡುವುದೇಕೆಂದು ತಿಳಿಯಲು ಇವುಗಳ ಪರಿಚಯ ಇದ್ದರೆ ಒಳ್ಳೆಯದು.

ಹಿಸ್ಟೋನನ್ನು ಮೊದಲು ಬೇರ್ಪಡಿಸಿದವರು ಜರ್ಮನಿಯ ಆಲ್ಬ್ರೆಕ್ಟ್ ಕೊಸ್ಸೆಲ್, 1884ರಲ್ಲಿ. ಅವರು ಆರಿಸಿಕೊಂಡದ್ದು ಹೆಬ್ಬಾತಿನ ರಕ್ತ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಉಳಿದಿರುತ್ತದೆ, ಆದ್ದರಿಂದ ಆ ಆಯ್ಕೆ ಜಾಣತನದ್ದು. 1910ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಈ ಪ್ರೋಟೀನು ಎಳೆಯನ್ನು ಹೇಗೆ ಹಿಡಿದಿಡುತ್ತದೆ ಎಂಬುದು ತಿಳಿಯಲು ಮಾತ್ರ ಇನ್ನೂ ಆರು ದಶಕಗಳು ಬೇಕಾದವು. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಅದರ ಲೆಕ್ಕಾಚಾರವನ್ನು ಮುಂದಿಟ್ಟರು. ನಾಲ್ಕು ಬಗೆಯ ಹಿಸ್ಟೋನುಗಳು ತಲಾ ಎರಡರಂತೆ ಎಂಟು ಸೇರಿ ಒಂದು ಉಂಡೆಯಾಗುತ್ತವೆ. ಹೊಲಿಗೆ ಯಂತ್ರದ ಬಾಬಿನ್ನಿಗೆ ದಾರ ಸುತ್ತಿದಂತೆ ಅದರ ಸುತ್ತ ಡಿಎನ್‌ಎ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಳ್ಳುತ್ತದೆ. ಈ ಘಟಕದ ಹೆಸರು ನ್ಯೂಕ್ಲಿಯೋಸೋಮ್. ನಮ್ಮ ಒಂದು ಜೀವಕೋಶದಲ್ಲಿ ಇಂಥವು ಸುಮಾರು ಮೂರು ಕೋಟಿ.

ಅಂಟು ಎಲ್ಲಿಂದ ಬಂತು?

ಡಿಎನ್‌ಎಯ ಬೆನ್ನೆಲುಬಿನ ಉದ್ದಕ್ಕೂ ಫಾಸ್ಫೇಟ್ ಇದೆ, ಅದರದು ಋಣ ವಿದ್ಯುದಾವೇಶ. ಹಿಸ್ಟೋನಿನಲ್ಲಿ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು ಹೇರಳ, ಅವುಗಳದು ಧನ ಆವೇಶ. ಇವೆರಡರ ಪರಸ್ಪರ ಸೆಳೆತವೇ ಮುಖ್ಯ ಅಂಟು. ಹಾಗಾದರೆ ಎರಡನ್ನೂ ಒಂದು ನಳಿಕೆಗೆ ಹಾಕಿ ಕುಲುಕಿದರೆ ಆಯಿತಲ್ಲ ಎನ್ನಬಹುದು. ಪ್ರಯೋಗಾಲಯದಲ್ಲಿ ಹಾಗೆ ಮಾಡಿದರೆ ಸೆಳೆತ ಅತಿಯಾಗಿ, ಸಿಕ್ಕಸಿಕ್ಕಲ್ಲಿ ಅಂಟಿಕೊಂಡು, ಮಿಶ್ರಣ ಒಡೆದ ಹಾಲಿನಂತೆ ಗಡ್ಡೆ ಗಡ್ಡೆಯಾಗುತ್ತದೆ. ಅದರಲ್ಲಿ ಒಪ್ಪವಾದ ಸುತ್ತು ಸಿಗುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಅಡುಗೆಮನೆಯ ಉಪ್ಪು. ಲೀಟರಿಗೆ ಸುಮಾರು 117 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಹಿಸ್ಟೋನು ಮತ್ತು ಡಿಎನ್‌ಎಯನ್ನು ಬೆರೆಸುತ್ತಾರೆ. ನಾವು ರೋಗಿಗಳಿಗೆ ಏರಿಸುವ ಸಲೈನಿನಲ್ಲಿ ಇರುವುದು ಲೀಟರಿಗೆ 9 ಗ್ರಾಂ, ಅಂದರೆ ಇದು ಅದರ ಹದಿಮೂರರಷ್ಟು! ಇಷ್ಟು ಉಪ್ಪಿದ್ದಾಗ ಅದರ ಆವೇಶಭರಿತ ಕಣಗಳು ನಡುವೆ ನುಗ್ಗಿ, ಎಳೆಗೂ ಉಂಡೆಗೂ ಪರಸ್ಪರ ಸೆಳೆತವೇ ಇಲ್ಲದಂತೆ ಮಾಡುತ್ತವೆ. ಅನಂತರ ಈ ಮಿಶ್ರಣವನ್ನು ಸೂಕ್ಷ್ಮರಂಧ್ರಗಳ ಪೊರೆಯ ಚೀಲದಲ್ಲಿ ತುಂಬಿ, ಕಡಿಮೆ ಉಪ್ಪಿನ ದ್ರಾವಣದಲ್ಲಿ ತಣ್ಣಗೆ ಇಡುತ್ತಾರೆ. ಉಪ್ಪು ಪೊರೆಯ ಮೂಲಕ ಹೊರಹೋಗುತ್ತದೆ, ದೊಡ್ಡ ಅಣುಗಳು ಒಳಗೇ ಉಳಿಯುತ್ತವೆ. ಮೂತ್ರಪಿಂಡ ಸೋತವರಿಗೆ ಮಾಡುವ ಡಯಾಲಿಸಿಸ್ಸಿನ ತತ್ವವೂ ಇದೇ, ಹೆಸರೂ ಅದೇ. ಹಲವು ಗಂಟೆಗಳಲ್ಲಿ ಉಪ್ಪು ನಿಧಾನವಾಗಿ ಇಳಿದಂತೆ ಮೊದಲು ಎಚ್3, ಎಚ್4 ಎಂಬ ಹಿಸ್ಟೋನುಗಳು ಡಿಎನ್‌ಎಯನ್ನು ಹಿಡಿಯುತ್ತವೆ. ಇನ್ನಷ್ಟು ಇಳಿದಾಗ ಎಚ್2ಎ, ಎಚ್2ಬಿ ಬಂದು ಸೇರುತ್ತವೆ. ಜೀವಕೋಶದ ಸಹಾಯವಿಲ್ಲದೆ ನಳಿಕೆಯಲ್ಲೇ ನ್ಯೂಕ್ಲಿಯೋಸೋಮ್ ಸಿದ್ಧ.

ಸುತ್ತು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಡಿಎನ್‌ಎಯನ್ನು ಕತ್ತರಿಸುವ ಕಿಣ್ವವನ್ನು ಅದಕ್ಕೆ ಹಾಕುತ್ತಾರೆ. ಬಿಡಿಯಾಗಿರುವ ಎಳೆಯೆಲ್ಲ ತುಂಡಾಗುತ್ತದೆ, ಉಂಡೆಗೆ ಸುತ್ತಿಕೊಂಡದ್ದು ಉಳಿಯುತ್ತದೆ. ಉಳಿದದ್ದನ್ನು ಅಳೆದರೆ ಸುಮಾರು 147 ಅಕ್ಷರಜೋಡಿಗಳ ಉದ್ದ. 1997ರಲ್ಲಿ ಜೂರಿಕ್ಕಿನಲ್ಲಿ ಕರೋಲಿನ್ ಲೂಗರ್, ಟಿಮೊತಿ ರಿಚ್ಮಂಡ್ ಮತ್ತು ಸಂಗಡಿಗರು ಹೀಗೆ ಕೈಯಾರೆ ಕಟ್ಟಿದ ನ್ಯೂಕ್ಲಿಯೋಸೋಮಿನ ಹರಳು ಬೆಳೆಸಿ, ಎಕ್ಸ್ ಕಿರಣಗಳಿಂದ ಅದರ ರಚನೆಯನ್ನು ಬಿಡಿಸಿದರು. ಹಿಸ್ಟೋನುಗಳ ಬಾಲಗಳು ಸುತ್ತಿನಿಂದ ಹೊರಕ್ಕೆ ಚಾಚಿಕೊಂಡಿರುವುದು ಅದರಲ್ಲಿ ಕಂಡಿತು. ವೈದ್ಯರಿಗೆ ಸಂಬಂಧಿಸಿದ್ದು ಈ ಬಾಲಗಳೇ.

ಬಾಲದಲ್ಲಿನ ಲೈಸಿನ್‌ಗೆ ಅಸಿಟೈಲ್ ಎಂಬ ಪುಟ್ಟ ಗುಂಪು ಅಂಟಿದರೆ ಅದರ ಧನ ಆವೇಶ ಹೋಗಿಬಿಡುತ್ತದೆ. ಹಿಡಿತ ಸಡಿಲಾಗುತ್ತದೆ, ಆ ಭಾಗದ ವಂಶವಾಹಿಯನ್ನು ಓದುವುದು ಸುಲಭವಾಗುತ್ತದೆ. ಇಂಥ ಸಂಬಂಧವನ್ನು ವಿನ್ಸೆಂಟ್ ಆಲ್ಫ್ರಿ ಮತ್ತು ಸಂಗಡಿಗರು 1964ರಲ್ಲೇ ಸೂಚಿಸಿದ್ದರು. ಅಂಟಿಸಲು ಒಂದು ಬಗೆಯ ಕಿಣ್ವ, ಕಿತ್ತು ಮತ್ತೆ ಬಿಗಿಗೊಳಿಸಲು ಇನ್ನೊಂದು. ಯಕೃತ್ತಿನ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಡಿಎನ್‌ಎ ಒಂದೇ. ಎಲ್ಲಿ ಯಾವ ಪುಟ ತೆರೆದಿರಬೇಕು ಎಂಬುದರಲ್ಲಿ ಈ ಕಿಣ್ವಗಳ ಪಾತ್ರ ದೊಡ್ಡದು.

ಮಾತ್ರೆಯ ವಿಷಯ

ಮೊದಲು ಒಂದು ಸಣ್ಣ ಮಾತು. ಕೆಲವರ ರಕ್ತಪರೀಕ್ಷೆಯ ವರದಿಯಲ್ಲಿ ಹಿಸ್ಟೋನ್ ವಿರುದ್ಧದ ಪ್ರತಿಕಾಯ ಇದೆ ಎಂದು ಬರೆದಿರುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರಲಜಿನ್ ಮುಂತಾದ ಔಷಧಗಳಿಂದ ಅಪರೂಪಕ್ಕೆ ಬರುವ ಲೂಪಸ್‌ನಲ್ಲಿ ಇದು ಸಾಮಾನ್ಯ. ಆದರೆ ಕೀಲುನೋವು, ಜ್ವರ ಏನೂ ಇಲ್ಲದೆ ವರದಿಯಲ್ಲಿ ಮಾತ್ರ ಹೀಗಿದ್ದರೆ ಅದನ್ನೇ ಕಾಯಿಲೆ ಎನ್ನಲಾಗದು. ಅದಕ್ಕೆ ಹೆದರಿ ಕ್ಷಯದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಇನ್ನು ಸೋಡಿಯಂ ವಾಲ್ಪ್ರೊಯೇಟ್. 1967ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಇದು ಮೂರ್ಛೆರೋಗಕ್ಕೆ ನಿಜಕ್ಕೂ ಒಳ್ಳೆಯ ಔಷಧ. ಕೆಲವು ಮಾನಸಿಕ ಕಾಯಿಲೆಗಳಿಗೂ, ಮೈಗ್ರೇನ್ ತಡೆಯಲೂ ಕೊಡುತ್ತಾರೆ. ಹಿಸ್ಟೋನಿನಿಂದ ಅಸಿಟೈಲ್ ಕೀಳುವ ಕಿಣ್ವವನ್ನು ಇದು ತಡೆಯುತ್ತದೆ ಎಂಬುದು ಗೊತ್ತಾದದ್ದು 2001ರಲ್ಲಿ. ಅಂದರೆ ಮುಚ್ಚಿರಬೇಕಾದ ಪುಟಗಳನ್ನೂ ಇದು ತೆರೆದಿಡಬಹುದು. ಅಂಗಾಂಗಗಳು ರೂಪುಗೊಳ್ಳುತ್ತಿರುವ ಭ್ರೂಣದಲ್ಲಿ ಹಾಗಾಗುವುದೇ ತೊಂದರೆಗೆ ಒಂದು ಕಾರಣವಿರಬೇಕೆಂದು ತಜ್ಞರ ಊಹೆ. ಕಾರಣ ಏನೇ ಇರಲಿ, ತೊಂದರೆಯ ಬಗ್ಗೆ ಸಂಶಯವಿಲ್ಲ: ಗರ್ಭಿಣಿ ಇದನ್ನು ಸೇವಿಸಿದಾಗ ನೂರಕ್ಕೆ ಸುಮಾರು ಹತ್ತು ಶಿಶುಗಳಲ್ಲಿ ಬೆನ್ನುಹುರಿಯ ದೋಷ, ಸೀಳುತುಟಿ, ಹೃದಯದ ದೋಷ ಮುಂತಾದ ಗಂಭೀರ ನ್ಯೂನತೆಗಳು ಕಂಡುಬರುತ್ತವೆ. ಕಲಿಕೆಯಲ್ಲಿ, ಮಾತಿನಲ್ಲಿ ಹಿಂದುಳಿಯುವ ಮಕ್ಕಳು ಅದಕ್ಕಿಂತ ಹೆಚ್ಚು.

ಮಿದುಳು, ಬೆನ್ನುಹುರಿಗಳ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ ನಾಲ್ಕು ವಾರಗಳಲ್ಲಿ. ಎಷ್ಟೋ ಹೆಂಗಸರಿಗೆ ಆಗಿನ್ನೂ ಗರ್ಭಿಣಿಯೆಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಮಾತ್ರೆ ಬದಲಿಸುವ ಮಾತು ಮೊದಲೇ ಆಗಬೇಕು. ನಮ್ಮಲ್ಲಿ ಮಗಳಿಗೆ ಫಿಟ್ಸ್ ಇದೆಯೆಂಬುದನ್ನು ಗಂಡಿನ ಮನೆಯವರಿಂದ ಮುಚ್ಚಿಡುವುದುಂಟು. ಮದುವೆಯಾದ ಮೇಲೆ ಮಾತ್ರೆ ಕದ್ದು ನುಂಗುವುದೋ, ದಿಢೀರನೆ ಬಿಡುವುದೋ ಆಗುತ್ತದೆ. ಇವೆರಡೂ ಅಪಾಯ. ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮದುವೆಗೆ ಕೆಲವು ತಿಂಗಳು ಮುಂಚೆಯೇ ನರರೋಗ ತಜ್ಞರನ್ನು ಕಂಡರೆ ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಾಂನಂಥ ಬೇರೆ ಔಷಧಕ್ಕೆ ನಿಧಾನವಾಗಿ ಬದಲಿಸಲು ಆಗುವುದೇ ಎಂದು ಅವರು ನೋಡುತ್ತಾರೆ. ಫೋಲಿಕ್ ಆಮ್ಲದ ಮಾತ್ರೆಯನ್ನೂ ಕೊಡುತ್ತಾರೆ. ಆದರೆ ಫೋಲಿಕ್ ಆಮ್ಲ ನುಂಗುತ್ತಿದ್ದೇನೆ, ಹಾಗಾಗಿ ವಾಲ್ಪ್ರೊಯೇಟ್ ಮುಂದುವರಿಸಿದರೂ ಆದೀತು ಎಂದುಕೊಳ್ಳುವಂತಿಲ್ಲ.