ಇಲ್ಲವೆಂಬವನೂ ಅರಿಯೆನೆಂಬವನೂ

ಓದತಕ್ಕ ವೇದಭಾಗ: ಯೋಹಾನ 20:24-29, ಯೂದ 20-23.

ದೇವರ ವಿಷಯವಾಗಿ ಸಂದೇಹಪಡುವ ಯಾರನ್ನಾದರೂ ಕಂಡಕೂಡಲೆ "ಇವನು ನಾಸ್ತಿಕನು" ಎಂದು ಹೆಸರಿಡುವ ರೂಢಿಯು ನಮ್ಮ ಸಭೆಗಳಲ್ಲಿ ಉಂಟು. ಪಟ್ಟಣದಲ್ಲಿ ಓದಿ ಊರಿಗೆ ಬಂದ ಯೌವನಸ್ಥನು, "ದೇವರಿದ್ದಾನೋ ಇಲ್ಲವೋ, ನನಗೆ ತಿಳಿಯದು" ಎಂದರೆ ಸಾಕು. ತಾಯಿ ಅಳುವಳು, ನೆರೆಯವರು ದೂರವಾಗುವರು. ಆದರೆ ಅವನು ಹೇಳಿದ್ದೇನು, ನಾವು ಕೇಳಿದ್ದೇನು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಊರ ಹೊರಗೆ ಒಂದು ಹಳೇ ಬಾವಿ ಇದೆ, ಅದರ ಬಾಯಿಗೆ ದೊಡ್ಡ ಕಲ್ಲು ಮುಚ್ಚಿದೆ ಎಂದು ಭಾವಿಸಿರಿ. ಒಬ್ಬನು, "ಇದರಲ್ಲಿ ನೀರುಂಟು" ಎನ್ನುತ್ತಾನೆ. ಎರಡನೆಯವನು, "ನೀರಿಲ್ಲ" ಎನ್ನುತ್ತಾನೆ. ಮೂರನೆಯವನು, "ಈ ಕಲ್ಲನ್ನು ಸರಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ, ಆದದರಿಂದ ಉಂಟೆಂದಾಗಲಿ ಇಲ್ಲವೆಂದಾಗಲಿ ನಾನು ಹೇಳಲಾರೆನು" ಎನ್ನುತ್ತಾನೆ. ಎರಡನೆಯವನು ನಾಸ್ತಿಕನು, ಮೂರನೆಯವನು ಅಜ್ಞೇಯವಾದಿಯು. ನಾಸ್ತಿಕನ ಮಾತು ದೇವರ ಇರುವಿಕೆಯನ್ನು ಕುರಿತದ್ದು; ಅಜ್ಞೇಯವಾದಿಯ ಮಾತು ಮನುಷ್ಯನ ಅರಿವಿನ ಮೇರೆಯನ್ನು ಕುರಿತದ್ದು. "ಖಂಡಿತವಾಗಿ ತಿಳಿಯದು, ಆದರೂ ನಾನು ನಂಬುವದಿಲ್ಲ" ಎಂದು ಎರಡನ್ನೂ ಕೂಡಿಸಿ ಹೇಳುವವರೂ ಇದ್ದಾರೆ.

1770ರಲ್ಲಿ ಪಾರೀಸ್ ಪಟ್ಟಣದ ದೋಲ್ಬಾಕ್ ಎಂಬ ಶ್ರೀಮಂತನು, ಬೇರೊಬ್ಬನ ಹೆಸರಿನಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ, ದೇವರಿಲ್ಲವೆಂದು ವಾದಿಸಿದನು. ಇವನು ನಾಸ್ತಿಕನು. ಅಜ್ಞೇಯವಾದಿ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನಾದರೋ 1869ರಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ಪ್ರಾಣಿಶಾಸ್ತ್ರಜ್ಞನು ಕಲ್ಪಿಸಿದನು. ಗ್ರೀಕ್ ಭಾಷೆಯಲ್ಲಿ ಗ್ನೋಸಿಸ್ ಅಂದರೆ ಅರಿವು. ಆದಿಸಭೆಯ ಕಾಲದಲ್ಲಿ ಗುಪ್ತವಾದ ಅರಿವು ತಮಗುಂಟೆಂದವರಿಗೆ ಗ್ನಾಸ್ಟಿಕರೆಂಬ ಹೆಸರಿತ್ತು. ತನಗೆ ಅಂಥ ಅರಿವಿಲ್ಲವೆಂದು ತೋರಿಸುವದಕ್ಕೆ ಹಕ್ಸ್‌ಲಿಯು ಆ ಶಬ್ದದ ಮುಂದೆ 'ಅ'ಕಾರವನ್ನಿಟ್ಟು, ಅಗ್ನಾಸ್ಟಿಕ್ ಎಂದು ತನ್ನನ್ನು ಕರೆದುಕೊಂಡನು.

ಇದು ಬರೀ ಪಂಡಿತರ ಆಟವಾಗಿರಲಿಲ್ಲ. 1860ರ ಸೆಪ್ಟೆಂಬರಿನಲ್ಲಿ ಅವನ ಚೊಚ್ಚಲ ಮಗನಾದ ನೋಯಲ್, ನಾಲ್ಕು ವರುಷ ತುಂಬುವದರೊಳಗೆ, ಜ್ವರದಿಂದ ತೀರಿಹೋದನು. ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಬೋಧಕರು ಅವನಿಗೆ ಸಾಂತ್ವನದ ಪತ್ರವನ್ನು ಬರೆದರು. ಹಕ್ಸ್‌ಲಿಯು ಉತ್ತರ ಕೊಡುತ್ತಾ, ಸತ್ತ ಮೇಲೆ ಜೀವವುಂಟೆಂಬದನ್ನು ತಾನು ಅಲ್ಲಗಳೆಯುವದೂ ಇಲ್ಲ, ಒಪ್ಪುವದೂ ಇಲ್ಲ. ಮನಸ್ಸು ಬಯಸಿತೆಂಬ ಕಾರಣದಿಂದಲೇ ಒಂದನ್ನು ಸತ್ಯವೆನ್ನಲಾರೆನು ಎಂಬ ಭಾವವನ್ನು ತಿಳಿಸಿದನು. ಮಗನನ್ನು ಮಣ್ಣಿಗಿಟ್ಟ ತಂದೆಯ ಮಾತು ಇದು. ಇದರಲ್ಲಿ ದೇವದೂಷಣೆ ಎಲ್ಲಿದೆ? ಬೋಧಕರಾದರೂ ಅವನನ್ನು ಕೈಬಿಡಲಿಲ್ಲ. ಆ ಬಳಿಕವೂ ಅವರಿಬ್ಬರೊಳಗೆ ಪತ್ರಗಳು ನಡೆದವು.

ನಾವು ಹಕ್ಸ್‌ಲಿಯ ಮತದವರಲ್ಲ. ಬಾವಿಯ ಕಲ್ಲನ್ನು ಸರಿಸುವದಕ್ಕೆ ಮನುಷ್ಯನಿಗೆ ಶಕ್ತಿಯಿಲ್ಲವೆಂಬದನ್ನು ನಾವೂ ಒಪ್ಪುತ್ತೇವೆ. ಆದರೆ ದೇವರೇ ಅದನ್ನು ಸರಿಸಿದನೆಂಬದು ನಮ್ಮ ನಂಬಿಕೆ. ಹೀಗಿದ್ದರೂ, ಅರಿಯೆನೆಂಬವನ ಬಾಯಲ್ಲಿ "ಇಲ್ಲ" ಎಂಬ ಮಾತನ್ನು ತುರುಕುವದು ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಿದಂತಲ್ಲವೇ? ರೋಮ್ ಚಕ್ರವರ್ತಿಗಳ ಕಾಲದಲ್ಲಿ, ವಿಗ್ರಹಗಳನ್ನು ಪೂಜಿಸದ ಕ್ರೈಸ್ತರನ್ನೇ ಜನರು ನಾಸ್ತಿಕರೆಂದು ದೂರಿದರು. ತಪ್ಪು ಹೆಸರಿನ ನೋವು ನಮ್ಮ ಹಿರಿಯರಿಗೆ ಗೊತ್ತಿತ್ತು.

ತೋಮನನ್ನು ನೋಡಿರಿ. ಕಂಡು ಮುಟ್ಟದ ಹೊರತು ನಂಬೆನೆಂದ ಅವನು, ಎಂಟು ದಿನಗಳಾದ ಮೇಲೆ ಎಲ್ಲಿದ್ದನು? ಮಿಕ್ಕ ಶಿಷ್ಯರ ಸಂಗಡ ಅದೇ ಮನೆಯೊಳಗಿದ್ದನು. ಅವರು ಅವನನ್ನು ಹೊರಗೆ ಹಾಕಿ ಕದವಿಕ್ಕಿದ್ದರೆ, ಕರ್ತನು ಒಳಗೆ ಬಂದಾಗ ಅವನು ಬೀದಿಯಲ್ಲಿರುತ್ತಿದ್ದನು.

ಆದದರಿಂದ, ಸಹೋದರ ಸಹೋದರಿಯರೇ, ಇಲ್ಲವೆಂಬವನಿಗೆ ಸಾವಧಾನದಿಂದ ಕಾರಣಗಳನ್ನು ಹೇಳಿರಿ. ಅರಿಯೆನೆಂಬವನಿಗೆ ಮೊದಲು ಊಟಕ್ಕೆ ಎಲೆ ಹಾಕಿರಿ. ಅವನ ಮಾತನ್ನು ಕೊನೆಯ ತನಕ ಕೇಳಿರಿ.