ರಾಟವಾಳದ ಹೆಸರುಗಳು: ಜೀಡಿಮೆಟ್ಲಾದ ತೋಟದಿಂದ ನಿಘಂಟಿನವರೆಗೆ

ಹಕ್ಕಿಯ ಹೆಸರು ನಿಘಂಟುಕಾರನಿಗೆ ಒಡ್ಡುವ ತೊಡಕು ಗಿಡದ ಹೆಸರಿನ ತೊಡಕಿಗಿಂತ ಭಿನ್ನವಾದುದು. ಗಿಡದ ರೆಂಬೆಯನ್ನು ತಂದು ಮೇಜಿನ ಮೇಲಿಟ್ಟು ಲಕ್ಷಣ ಹೇಳಬಹುದು; ಹಕ್ಕಿ ಹಾರಿಹೋಗುತ್ತದೆ. ಆದ್ದರಿಂದಲೇ ನಮ್ಮ ಕೋಶಗಳಲ್ಲಿ ಎಷ್ಟೋ ಪದಗಳ ಮುಂದೆ 'ಒಂದು ಬಗೆಯ ಹಕ್ಕಿ' ಎಂಬ ಒಂದೇ ಅರ್ಥ ಉಳಿದಿದೆ. ಈ ವಿವರಣೆಯ ಬಡತನ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಗುಬ್ಬಿಯ ಗಾತ್ರದ, ಕಾಳು ತಿನ್ನುವ ತೋಟದ ಹಕ್ಕಿಗಳ ವಿಷಯದಲ್ಲಿ.

ಹೈದರಾಬಾದಿನ ಉತ್ತರದ ಅಂಚಿನಲ್ಲಿರುವ ಜೀಡಿಮೆಟ್ಲಾ ಇಂದು ಕೈಗಾರಿಕಾ ವಸಾಹತೆಂದೇ ಪ್ರಸಿದ್ಧ. ಆದರೆ ಅಲ್ಲಿಯ ಕೆರೆಯಂಚಿನ ಜೊಂಡು, ಖಾಲಿ ನಿವೇಶನಗಳ ಹುಲ್ಲು, ಮನೆಗಳ ಹಿತ್ತಿಲು ಇವು ಬೀಜಾಹಾರಿ ಹಕ್ಕಿಗಳಿಗೆ ಸಾಕಾದ ನೆಲೆ. ಇಂಥ ಕಡೆ ಒಂದೇ ಬೇಲಿಯ ಮೇಲೆ ಮೂರು ಬಗೆಯ ರಾಟವಾಳಗಳನ್ನು ನೋಡಲು ಸಾಧ್ಯ. ಎದೆಯ ಕೆಳಗೆ ಬಿಳಿಯ ಮೇಲೆ ಮೀನಿನ ಹುರುಪೆಯಂಥ ಕಂದು ಗೆರೆಗಳಿರುವುದು ಚುಕ್ಕೆ ರಾಟವಾಳ. ಮಾಸಲು ಕಂದು ಮೈ, ಬೆಳ್ಳಿ ಬೂದಿಯ ದಪ್ಪ ಕೊಕ್ಕು, ಚೂಪಾದ ಕರಿಯ ಬಾಲ ಉಳ್ಳದ್ದು ಬಿಳಿಗಂಟಲಿನದು. ಮೂರನೆಯದು ಕೆಂಪು ರಾಟವಾಳ: ಸಂತಾನಕಾಲದಲ್ಲಿ ಗಂಡು ಕಡುಗೆಂಪಾಗಿ, ಮೈತುಂಬ ಬಿಳಿಯ ಚುಕ್ಕೆಗಳಿಂದ ಕಂಗೊಳಿಸುತ್ತದೆ. ಆ ಕಾಲ ಕಳೆದ ಮೇಲೆ ಅದೇ ಗಂಡು ಹೆಣ್ಣಿನಂತೆ ಕಂದಾಗುತ್ತದೆ. ಕೊಕ್ಕಿನ ಮತ್ತು ಬಾಲದ ಬುಡದ ಕೆಂಪು ಮಾತ್ರ ಗುರುತಿಗೆ ಉಳಿಯುತ್ತದೆ. ಚುಕ್ಕೆ ರಾಟವಾಳದ ಮರಿಗೆ ಚುಕ್ಕೆಯೂ ಇಲ್ಲ, ಹುರುಪೆಯೂ ಇಲ್ಲ. ಅದನ್ನು ಕರಿತಲೆ ರಾಟವಾಳದ ಮರಿಯಿಂದ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಗೀಜಗದ ಹೆಣ್ಣನ್ನು ಗುಬ್ಬಿಯ ಹೆಣ್ಣೆಂದು ತಿಳಿಯುವವರಂತೂ ಬಹಳ. ಸಾಲದ್ದಕ್ಕೆ, ಬಿಳಿಗಂಟಲಿನ ರಾಟವಾಳ ಗೀಜಗವು ಬಿಟ್ಟುಹೋದ ಗೂಡಿನಲ್ಲಿ ಸಂಸಾರ ಹೂಡುವುದುಂಟು. ಗೂಡನ್ನು ನೋಡಿ ಹಕ್ಕಿಯನ್ನು ಹೆಸರಿಸುವಂತೆಯೂ ಇಲ್ಲ.

ರೂಪ ಹೀಗೆ ಬದಲಾದರೆ ಹೆಸರಾದರೂ ನಿಲ್ಲಬೇಕಷ್ಟೆ? ಅದೂ ನಿಂತಿಲ್ಲ. 1758ರಲ್ಲಿ ಲಿನೇಯಸ್ ಕೆಂಪು ರಾಟವಾಳವನ್ನು ಮನೆಗುಬ್ಬಿಯೊಡನೆ 'ಫ್ರಿಂಜಿಲ್ಲ' ಜಾತಿಯಲ್ಲಿಯೂ, ಚುಕ್ಕೆ ಮತ್ತು ಬಿಳಿಗಂಟಲಿನವನ್ನು 'ಲಾಕ್ಸಿಯ' ಜಾತಿಯಲ್ಲಿಯೂ ಇರಿಸಿದನು. ಈಗ ಅವು ಕ್ರಮವಾಗಿ ಅಮಂಡವ, ಲಾಂಚುರ, ಯುವೋಡಿಸೆ ಎಂಬ ಜಾತಿಗಳಿಗೆ ಸೇರಿವೆ. (ಕನ್ನಡದಲ್ಲಿ 'ಜಾತಿ' ಎಂಬುದನ್ನೇ ಒಬ್ಬರು ಒಂದು ಹಂತಕ್ಕೂ ಇನ್ನೊಬ್ಬರು ಮತ್ತೊಂದಕ್ಕೂ ಬಳಸುತ್ತಾರೆ, ಇಲ್ಲಿ ಪ್ರಭೇದದ ಮೇಲಿನ ಹಂತವೆಂದು ತಿಳಿಯತಕ್ಕದ್ದು.) ಜಾತಿ ಬದಲಾದರೂ ಪ್ರಭೇದದ ಉತ್ತರಪದ, ಅಂದರೆ ಅಮಂಡವ, ಪಂಕ್ಟುಲಾಟ, ಮಲಬಾರಿಕ ಎಂಬುದು, ಉಳಿದುಬಂದಿದೆ. ಲಿನೇಯಸನ ಹೆಸರನ್ನೂ ವರ್ಷವನ್ನೂ ಕಂಸದಲ್ಲಿ ಬರೆಯುವುದು ಈ ಸ್ಥಳಾಂತರದ ಗುರುತು. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವ ನಮ್ಮ ಗ್ರಂಥಸಂಪಾದಕರಿಗೆ ಈ ಶಿಸ್ತು ಅಪರಿಚಿತವಲ್ಲ.

ಉತ್ತರಪದ ಸ್ಥಿರವೆಂದ ಮಾತ್ರಕ್ಕೆ ಸತ್ಯವೆಂದು ಭಾವಿಸಬೇಕಾಗಿಲ್ಲ. 'ಮಲಬಾರಿಕ' ಒಣನಾಡಿನ ಹಕ್ಕಿ. ನಮ್ಮ ಗೀಜಗ 'ಫಿಲಿಪ್ಪೈನಸ್'. ಫಿಲಿಪ್ಪೀನ್ಸ್ ಅದರ ಸಹಜ ನೆಲೆಯೇ ಅಲ್ಲ. 'ಅಮಂಡವ' ಅಹಮದಾಬಾದಿನ ಅಪಭ್ರಂಶ. ಪಂಜರದ ಹಕ್ಕಿಯಾಗಿ ಆ ಊರಿಂದ ಹೊರನಾಡಿಗೆ ಹೋದುದರ ನೆನಪು. ಇದೇ ಪದ ಇಂಗ್ಲಿಷಿನಲ್ಲಿ 'ಅವಡವಾಟ್' ಆಗಿ 1886ರ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಸೇರಿದೆ.

ಇಂಗ್ಲಿಷ್ ಹೆಸರುಗಳ ಕಥೆ ಇನ್ನೂ ಗೋಜಲಿನದು. ಸಲೀಂ ಅಲಿಯವರ ಪುಸ್ತಕಗಳ 'ಸ್ಪಾಟೆಡ್ ಮುನಿಯ' ಮುಂದೆ 'ಸ್ಕೇಲಿ-ಬ್ರೆಸ್ಟೆಡ್ ಮುನಿಯ' ಆಯಿತು. 'ವೈಟ್-ಥ್ರೋಟೆಡ್ ಮುನಿಯ' 'ಇಂಡಿಯನ್ ಸಿಲ್ವರ್‌ಬಿಲ್' ಆಯಿತು. 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದ ಅದೇ ಸಲೀಂ ಅಲಿಯವರನ್ನು ಬಾಲ್ಯದಲ್ಲಿ ಪಕ್ಷಿಶಾಸ್ತ್ರಕ್ಕೆ ಎಳೆತಂದದ್ದು ಹಳದಿಗಂಟಲಿನ ಗುಬ್ಬಿ. 1985ರ ಅವರ ಆತ್ಮಕಥೆಯ ಶೀರ್ಷಿಕೆ ಗುಬ್ಬಿಯ ಪತನವನ್ನೇ ಹೇಳುತ್ತದೆ. ಆದರೆ ಮುಂದೆ ಕೆಲವು ಕೈಪಿಡಿಗಳು ಆ ಹಕ್ಕಿಯನ್ನು 'ಪೆಟ್ರೋನಿಯ' ಎಂದು ಕರೆದವು. ಆತ್ಮಕಥೆಯನ್ನು ಓದಿ ಅಲ್ಲಿ ಗುಬ್ಬಿಯನ್ನು ಹುಡುಕಿದವನಿಗೆ ಅದು ಆ ಹೆಸರಿನಲ್ಲಿ ಸಿಗಲಿಲ್ಲ. ಈಚೆಗೆ ಅದು ಮತ್ತೆ ಗುಬ್ಬಿಯಾಗಿದೆ. 2001ರಲ್ಲಿ ಮನಕಾಡನ್ ಮತ್ತು ಪಿಟ್ಟಿ ಭಾರತೋಪಖಂಡದ ಹಕ್ಕಿಗಳಿಗೆ ಏಕರೂಪದ ಹೆಸರುಗಳ ಪಟ್ಟಿ ಕೊಟ್ಟರು. 2025ರಲ್ಲಿ 'ಅವಿಲಿಸ್ಟ್' ಎಂಬ ಜಾಗತಿಕ ಪಟ್ಟಿ ಬಂದಿತು. ಇಷ್ಟಾದರೂ ಹಳೆಯ ಪುಸ್ತಕಗಳು ಗ್ರಂಥಾಲಯದಲ್ಲಿ ಹಳೆಯ ಹೆಸರಿನಿಂದಲೇ ಮಾತನಾಡುತ್ತವೆ.

ಇದು ಕೇವಲ ಪಂಡಿತರ ವಿವಾದವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ, 2022ರ ತಿದ್ದುಪಡಿಗೆ ಮೊದಲು, 'ಅವಡವಾಟ್' ಮತ್ತು 'ಮುನಿಯ' ಎರಡು ಬೇರೆ ನಮೂದುಗಳಾಗಿದ್ದವು. ದಖ್ಖನಿ ಮಾತಿನವರು ಇದೇ ಹಕ್ಕಿಯನ್ನು 'ಲಾಲ್' ಎನ್ನುತ್ತಾರೆ. ಪಂಜರದೊಳಗಿನ ಕಂದು ಹಕ್ಕಿ ಬಣ್ಣ ಕಳೆದುಕೊಂಡ 'ಲಾಲ್' ಎಂಬುದನ್ನು ಅರಿಯದವನಿಗೆ ಕಾಯ್ದೆಯ ಪದ ಎಲ್ಲಿ ಅನ್ವಯಿಸುತ್ತದೆಂಬುದೂ ತಿಳಿಯದು.

ಹೀಗಿರುವಾಗ ಕನ್ನಡವೇನು ಮಾಡಬೇಕು? ಇಂಗ್ಲಿಷ್ ಹೆಸರು ಬದಲಾದಾಗಲೆಲ್ಲ ನಾವೂ 'ಚುಕ್ಕೆ'ಯನ್ನು ಕೈಬಿಟ್ಟು 'ಶಲ್ಕವಕ್ಷ'ದಂಥ ಸಮಾಸವನ್ನು ಹೊಸೆಯುವುದು ನನ್ನ ದೃಷ್ಟಿಯಲ್ಲಿ ಅನಗತ್ಯ. ದೇಶ್ಯ ಹೆಸರು ಬಹಳ ಸಲ ಹೆಚ್ಚು ಗಟ್ಟಿ. ಕನ್ನಡದ ಗೀಜಗವೂ ತೆಲುಗಿನ ಗಿಜಿಗಾಡೂ ಒಂದೇ ಮೂಲದವೆಂಬುದು ಮೇಲ್ನೋಟಕ್ಕೇ ಕಾಣುತ್ತದೆ. ಲ್ಯಾಟಿನ್ ಹೆಸರು ಊರೂರು ಸುತ್ತಿದಾಗಲೂ ಇವೆರಡು ಕದಲಲಿಲ್ಲ. ಕೋಶದ ನಮೂದಿನಲ್ಲಿ ದೇಶ್ಯ ಹೆಸರು ಮೊದಲು, ಅದು ದೊರೆತ ಊರು ಅನಂತರ, ಆಮೇಲೆ ಲಿನೇಯಸನ ಉತ್ತರಪದ, ಕೊನೆಗೆ ಗಂಡು, ಹೆಣ್ಣು, ಮರಿಗಳ ಲಕ್ಷಣ ಇಷ್ಟಿದ್ದರೆ 'ಒಂದು ಬಗೆಯ ಹಕ್ಕಿ' ಎಂಬ ಮಾತು ಬೇಕಾಗದು. 1956ರವರೆಗೆ ಹೈದರಾಬಾದ್ ಸಂಸ್ಥಾನದ, ಅನಂತರ ರಾಜ್ಯದ ಭಾಗವಾಗಿದ್ದ ಬೀದರ, ಕಲಬುರಗಿ, ರಾಯಚೂರುಗಳ ರೈತರ ಬಾಯಲ್ಲಿ ಜೋಳದ ತೆನೆಗೆರಗುವ ಈ ಹಕ್ಕಿಗಳಿಗೆ ಯಾವ ಯಾವ ಹೆಸರುಗಳಿವೆ ಎಂಬುದನ್ನು ಸುಗ್ಗಿಯ ಕಾಲದಲ್ಲಿ, ಹೊಲದಲ್ಲಿ ನಿಂತೇ, ಹಕ್ಕಿಯನ್ನು ತೋರಿಸಿ ಕೇಳಬೇಕು.