ಮಂಗನ ಕಾಯಿಲೆ: ಸತ್ತ ಮಂಗವನ್ನು ಮುಟ್ಟುವ ಮುನ್ನ

ಸುಗ್ಗಿ ಮುಗಿದು, ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ ತರಲು ಮಲೆನಾಡಿನ ಜನ ಕಾಡಿಗೆ ಹೋಗುವ ದಿನಗಳಲ್ಲಿಯೇ ಮಂಗನ ಕಾಯಿಲೆ ತಲೆಯೆತ್ತುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಈ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲುಸಾಲಾಗಿ ಸತ್ತು ಬೀಳುತ್ತಿದ್ದುದನ್ನು ಕಂಡು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಇದು ಹಳದಿ ಜ್ವರವಿರಬಹುದೆಂದು ಶಂಕಿಸಿದರು. ದೊರೆತದ್ದು ಜಗತ್ತಿಗೇ ಹೊಸದಾದ ವೈರಸ್. ನಮ್ಮ ನಾಡಿನ ಒಂದು ಸಣ್ಣ ಊರಿನ ಹೆಸರು ವೈದ್ಯಗ್ರಂಥಗಳನ್ನು ಸೇರಿದ್ದು ಹೀಗೆ.

ಹೆಸರಿನಿಂದ ಮಾತ್ರ ಮಂಗಕ್ಕೆ ಅಪವಾದ ಬಂದಿದೆ. ಮುಸುವವಾಗಲಿ ಕೋತಿಯಾಗಲಿ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಜೀವಿಗಳು. ರೋಗವನ್ನು ದಾಟಿಸುವುದು ಉಣುಗು. ಕೆಲವೆಡೆ ಇದನ್ನು ಉಣ್ಣೆಯೆನ್ನುತ್ತಾರೆ. ಸಾಸಿವೆಕಾಳಿನಷ್ಟೇ ಇರುವ ಮರಿ ಉಣುಗು ತರಗೆಲೆಯ ನಡುವೆ ಕುಳಿತಿದ್ದು, ಕಾಲಿಗೋ ಕೈಗೋ ಹತ್ತಿ ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಮಂಗ ಸತ್ತು ಅದರ ಮೈ ತಣ್ಣಗಾದೊಡನೆ ಅದನ್ನು ಕಚ್ಚಿಕೊಂಡಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಹರಡುತ್ತವೆ. ಆದುದರಿಂದ ಮಂಗ ಸತ್ತುಬಿದ್ದ ಜಾಗವೇ ಅತ್ಯಂತ ಅಪಾಯದ ಜಾಗ.

ಮಂಗ ಸತ್ತರೆ ಹೂವೇರಿಸಿ, ಭಜನೆಯೊಡನೆ ಹೊತ್ತೊಯ್ದು ಮಣ್ಣು ಮಾಡುವ ಪದ್ಧತಿ ನಮ್ಮ ಅನೇಕ ಹಳ್ಳಿಗಳಲ್ಲಿದೆ. ಆ ಭಾವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಕಾಯಿಲೆಯಿರುವ ಸೀಮೆಯಲ್ಲಿ ಸದ್ಭಕ್ತರು ಶವವನ್ನು ಮುಟ್ಟದೆ, ಮಕ್ಕಳನ್ನೂ ದನಕರುಗಳನ್ನೂ ಅತ್ತ ಬಿಡದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಬೇಕು. ಸಿಬ್ಬಂದಿ ಬಂದು ಸುತ್ತಲೂ ಸುಮಾರು 50 ಮೀಟರ್‌ವರೆಗೆ ಕೀಟನಾಶಕದ ಪುಡಿಯನ್ನು ಹರಡಿ, ಶವವನ್ನು ಪರೀಕ್ಷಿಸಿ ಸುಡುತ್ತಾರೆ. ಸತ್ತ ಒಂದು ಮಂಗದ ಸುದ್ದಿ ಸಕಾಲದಲ್ಲಿ ತಲುಪಿದರೆ ಊರೇ ಎಚ್ಚರಗೊಳ್ಳಲು ಸಾಧ್ಯ.

ಕಾಡಿಗೆ ಹೋಗದೆ ಇರಿ ಎಂದು ಹೇಳುವುದು ಸುಲಭ. ಸೊಪ್ಪು ಸೌದೆಗಳಿಲ್ಲದೆ ಮಲೆನಾಡಿನ ಒಕ್ಕಲುತನ ನಡೆಯದೆಂಬುದನ್ನು ನಾವು ಬಲ್ಲೆವು. ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಕೈಕಾಲುಗಳಿಗೆ ಸವರಿಕೊಂಡು ಹೋಗಲಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿಯೇ ಒಗೆಯಲಿ. ಹಲವು ವರ್ಷ ಕೊಡುತ್ತಿದ್ದ ಲಸಿಕೆಯಿಂದ ಸಾಕಷ್ಟು ರಕ್ಷಣೆ ದೊರೆಯದೆಂದು ಕಂಡುಬಂದು ಅದನ್ನು ನಿಲ್ಲಿಸಲಾಗಿದೆ. ಹಿಂದೆ ಹಾಕಿಸಿಕೊಂಡಿದ್ದೇವೆಂಬ ಧೈರ್ಯದಿಂದ ಯಾರೂ ಮೈಮರೆಯಬಾರದು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಯೊಡನೆ ಜ್ವರ, ಹಣೆಯಲ್ಲಿ ತೀವ್ರ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಸೆಳೆತ, ಕಣ್ಣು ಕೆಂಪಾಗುವುದು, ವಾಂತಿ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಸುರಿಯುತ್ತದೆ. ಜ್ವರ ಬಿಟ್ಟು ಒಂದೆರಡು ವಾರ ನೆಮ್ಮದಿಯಾಗಿದ್ದವರಲ್ಲಿ ಕೆಲವರಿಗೆ ಮತ್ತೆ ಜ್ವರ ಮರುಕಳಿಸಿ ಮಿದುಳಿಗೂ ತೊಂದರೆಯಾಗುವುದುಂಟು. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ಮೀಸಲಾದ ಔಷಧವಿಲ್ಲ. ನೀರಿನಂಶ ಕುಂದದಂತೆ, ರಕ್ತಸ್ರಾವ ಹೆಚ್ಚದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಅದನ್ನು ಬೇಗ ಆರಂಭಿಸಿದಷ್ಟೂ ಒಳಿತು. ರೋಗಿಯಿಂದ ಮತ್ತೊಬ್ಬರಿಗೆ ಇದು ಹರಡುವುದಿಲ್ಲವಾದ್ದರಿಂದ ಮನೆಯವರು ಹೆದರಿ ದೂರವಿರಬೇಕಾಗಿಲ್ಲ. ರಕ್ತಸ್ರಾವವನ್ನು ಹೆಚ್ಚಿಸಬಲ್ಲ ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ವೈದ್ಯರ ಬಳಿಗೆ ಹೋದಾಗ, ಅವರು ಕೇಳದಿದ್ದರೂ, ಇತ್ತೀಚೆಗೆ ಕಾಡಿಗೆ ಹೋಗಿದ್ದನ್ನು, ಊರ ಸುತ್ತ ಮಂಗ ಸತ್ತಿದ್ದನ್ನು ತಾವಾಗಿಯೇ ತಿಳಿಸಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.